ಇನ್ನೆಷ್ಟು ದಿನ, ಡಾಕ್ಟರೇ?

ಬಾಯಿ, ನಾಲಿಗೆ ಅಥವಾ ಗಂಟಲಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಮನೆಯವರ ಮನಸ್ಸಿನಲ್ಲಿ ಏಳುವ ಮೊದಲ ಪ್ರಶ್ನೆ ಇದು. ಕೆಲವರು ವೈದ್ಯರನ್ನೇ ಕೇಳಿಬಿಡುತ್ತಾರೆ. ಹಲವರು ಅಲ್ಲಿ ಕೇಳಲು ಹೆದರಿ, ಊರಿಗೆ ಮರಳಿದ ಮೇಲೆ ಧರ್ಮಕೇಂದ್ರದ ಗುರುಗಳ ಮುಂದೆ ಬಾಯಿ ಬಿಡುತ್ತಾರೆ. ಬೈತಖೋಲದ ಬಂದರಿನಲ್ಲಿ ದುಡಿಯುವ ಕುಟುಂಬಗಳಿಗಾಗಲಿ, ಅಂಕೋಲೆಯ ತೋಟದ ಮನೆಗಳಿಗಾಗಲಿ ಈ ಕಾಯಿಲೆ ಹೊಸದಲ್ಲ. ಚಿಕಿತ್ಸೆಗಾಗಿ ನಮ್ಮವರು ಗೋವಾ, ಮಣಿಪಾಲ, ಹುಬ್ಬಳ್ಳಿಗಳಿಗೆ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ, ಮುಂಬಯಿಯ ಟಾಟಾ ಆಸ್ಪತ್ರೆಗೆ ಹೋಗುತ್ತಾರೆ. ಅಲ್ಲಿ ಬೇರೆ ಭಾಷೆಯಲ್ಲಿ, ಗಡಿಬಿಡಿಯ ನಡುವೆ, "ಐದು ವರ್ಷ ಬದುಕುವ ಸಾಧ್ಯತೆ ಶೇಕಡಾ 60" ಎಂಬಂಥ ಮಾತೊಂದು ಕಿವಿಗೆ ಬೀಳುತ್ತದೆ.

ಈ ಮಾತನ್ನು ಮೂರು ವಿಧವಾಗಿ ತಪ್ಪು ತಿಳಿಯುವವರಿದ್ದಾರೆ. ಒಬ್ಬರಿಗೆ ಅದು ಮರಣದಂಡನೆಯ ತೀರ್ಪಿನಂತೆ ಕೇಳಿಸುತ್ತದೆ. "ಐದೇ ವರ್ಷವಂತೆ" ಎಂದು ಅಳಲು ಕೂರುತ್ತಾರೆ. ಇನ್ನೊಬ್ಬರಿಗೆ ಅದು ಖಾತರಿ ಪತ್ರ. "ಐದು ವರ್ಷ ಏನೂ ಆಗುವುದಿಲ್ಲವಂತೆ" ಎಂದು ಮುಂದಿನ ತಪಾಸಣೆಗೇ ಹೋಗುವುದಿಲ್ಲ. ಮೂರನೆಯವರು, "ಆಯುಷ್ಯ ದೇವರ ಕೈಯಲ್ಲಿದೆ, ಲೆಕ್ಕ ಹಾಕಲು ಇವರು ಯಾರು?" ಎಂದು ಮಾತನ್ನೇ ತಳ್ಳಿಹಾಕುತ್ತಾರೆ. ಮೂರೂ ಸರಿಯಲ್ಲ. ಹಾಗಾದರೆ ವೈದ್ಯರು ಹೇಳುವ ಲೆಕ್ಕ ಯಾವುದು? ವಿಶ್ವಾಸಿಗಳಾದ ನಾವು ಅದನ್ನು ಹೇಗೆ ಸ್ವೀಕರಿಸಬೇಕು? ಈ ವಾರ ಇದನ್ನು ಶಾಂತವಾಗಿ ವಿಚಾರ ಮಾಡೋಣ.

ನಮ್ಮ ನಡುವಿನ ಕಾಯಿಲೆ

ಭಾರತದಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ಬಾಯಿಯ ಕ್ಯಾನ್ಸರ್ ತಗಲುತ್ತದೆ. ಪುರುಷರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರುಗಳಲ್ಲಿ ಇದೂ ಒಂದು. ಮುಖ್ಯ ಕಾರಣಗಳು ತಂಬಾಕು, ಅಡಿಕೆ ಮತ್ತು ಮದ್ಯ. ನಮ್ಮ ಜಿಲ್ಲೆಯಲ್ಲಿ ಕವಳ ಹಾಕುವುದು ಮರ್ಯಾದೆಯ ಮಾತು. ಬಂದ ಅತಿಥಿಗೆ ತಟ್ಟೆ ನೀಡದಿದ್ದರೆ ಉಪಚಾರ ಪೂರ್ತಿಯಾಗದು. ಆದರೆ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಸೇರದ ಅಡಿಕೆಯನ್ನೂ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿತು. ಕರ್ನಾಟಕ ಸರಕಾರ 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಕಾನೂನು ಬಂದರೂ ಕೆನ್ನೆಯೊಳಗಿನ ಅಭ್ಯಾಸ ಸುಲಭವಾಗಿ ಬಿಡುವುದಿಲ್ಲ ಎಂಬುದು ನಮಗೆಲ್ಲ ಗೊತ್ತು.

ವೈದ್ಯರು ಏನನ್ನು ನೋಡಿ ಹೇಳುತ್ತಾರೆ?

ವೈದ್ಯರು ಕೈರೇಖೆ ನೋಡಿ ಹೇಳುವವರಲ್ಲ. ಅವರ ಮುಂದೆ ಕೆಲವು ನಿಶ್ಚಿತ ಗುರುತುಗಳಿರುತ್ತವೆ. ಫ್ರಾನ್ಸಿನ ವೈದ್ಯ ಪಿಯೇರ್ ಡೆನ್ವಾ ಅವರು 1943 ಮತ್ತು 1952ರ ನಡುವೆ ರೂಪಿಸಿದ ಟಿಎನ್‌ಎಂ ಎಂಬ ಕ್ರಮ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಗಡ್ಡೆ ಎಷ್ಟು ದೊಡ್ಡದು, ಕುತ್ತಿಗೆಯ ಗ್ರಂಥಿಗಳಿಗೆ ರೋಗ ಹರಡಿದೆಯೇ, ಶ್ವಾಸಕೋಶದಂಥ ದೂರದ ಅಂಗಗಳಿಗೆ ಹೋಗಿದೆಯೇ ಎಂಬ ಮೂರು ಪ್ರಶ್ನೆಗಳು ಅದರಲ್ಲಿವೆ. 2018ರಿಂದ ಜಾರಿಗೆ ಬಂದ ಪರಿಷ್ಕೃತ ಕ್ರಮದಲ್ಲಿ, ಬಾಯಿಯ ಗಡ್ಡೆಯ ಅಗಲದ ಜೊತೆಗೆ ಅದು ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನೂ ಅಳೆಯುತ್ತಾರೆ. ಮೇಲೆ ಸಣ್ಣದಾಗಿ ಕಂಡರೂ 10 ಮಿಲಿಮೀಟರಿಗಿಂತ ಆಳಕ್ಕೆ ಇಳಿದಿದ್ದರೆ ಅದನ್ನು ಮುಂದುವರಿದ ಗಡ್ಡೆಯೆಂದೇ ಎಣಿಸುತ್ತಾರೆ.

ಶಸ್ತ್ರಚಿಕಿತ್ಸೆಗೆ ಮೊದಲು ಹೇಳುವ ಲೆಕ್ಕ ಒಂದು, ನಂತರದ ಲೆಕ್ಕ ಮತ್ತೊಂದು. ಕತ್ತರಿಸಿ ತೆಗೆದ ಭಾಗವನ್ನು ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ ವರದಿ ಬರೆಯುತ್ತಾರೆ. ಅದರಲ್ಲಿ ಎರಡು ಸಂಗತಿಗಳು ಬಹಳ ಮುಖ್ಯ. ಒಂದು, ಕತ್ತರಿಸಿದ ಅಂಚಿನಲ್ಲಿ ರೋಗದ ಕಣಗಳು ಉಳಿದಿವೆಯೇ? ಎರಡು, ಕುತ್ತಿಗೆಯ ಗ್ರಂಥಿಗೆ ಬಂದ ರೋಗ ಗ್ರಂಥಿಯ ಹೊರಪೊರೆಯನ್ನು ಒಡೆದು ಆಚೆ ಬಂದಿದೆಯೇ? ಈ ಎರಡರಲ್ಲಿ ಒಂದಿದ್ದರೂ ರೋಗ ಮರುಕಳಿಸುವ ಭಯ ಹೆಚ್ಚು. ಅಂಥವರಿಗೆ ವಿಕಿರಣ ಚಿಕಿತ್ಸೆಯೊಂದಿಗೆ ಔಷಧ ಚಿಕಿತ್ಸೆಯನ್ನೂ ಕೊಡುವುದು ಲಾಭದಾಯಕ ಎಂಬುದನ್ನು 2004ರಲ್ಲಿ ಪ್ರಕಟವಾದ ಯುರೋಪಿನ ಮತ್ತು ಅಮೆರಿಕದ ಎರಡು ದೊಡ್ಡ ಅಧ್ಯಯನಗಳು ತೋರಿಸಿಕೊಟ್ಟವು.

ರೋಗದ ಜೊತೆಗೆ ರೋಗಿಯನ್ನೂ ನೋಡಬೇಕು. ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಶ್ವಾಸಕೋಶದ ದುರ್ಬಲತೆ, ತೂಕ ಇಳಿದಿರುವುದು, ತಂಬಾಕು ಬಿಡದಿರುವುದು, ಇವೆಲ್ಲ ಲೆಕ್ಕವನ್ನು ಬದಲಿಸುತ್ತವೆ. ಒಂದೇ ಹಂತದ ರೋಗವಿರುವ ಇಬ್ಬರಿಗೆ ವೈದ್ಯರು ಒಂದೇ ಮಾತು ಹೇಳದಿರುವುದು ಇದಕ್ಕಾಗಿಯೇ.

ಶೇಕಡಾ ಎಂಬುದು ಯಾರ ಲೆಕ್ಕ?

ಇಲ್ಲಿ ನಾವು ಸ್ವಲ್ಪ ನಿಧಾನಿಸಬೇಕು. "ಶೇಕಡಾ 60" ಎಂದರೆ ನಿಮ್ಮ ಮನೆಯ ರೋಗಿಯಲ್ಲಿ ಅರವತ್ತು ಪಾಲು ಜೀವ ಉಳಿದಿದೆ ಎಂದಲ್ಲ. ಅವರಂಥದ್ದೇ ರೋಗವಿದ್ದು, ಅಂಥದ್ದೇ ಚಿಕಿತ್ಸೆ ಪಡೆದ ನೂರು ಜನರಲ್ಲಿ 60 ಮಂದಿ ಐದು ವರ್ಷದ ಬಳಿಕವೂ ಜೀವಂತ ಇದ್ದರು ಎಂದರ್ಥ. ಆ ಐದು ವರ್ಷ ಆಯುಷ್ಯದ ಕೊನೆಯ ಗಡಿಯಲ್ಲ. ಎಣಿಸಲು ಅನುಕೂಲವಾಗಲೆಂದು ವೈದ್ಯರು ಇಟ್ಟುಕೊಂಡ ಮೈಲಿಗಲ್ಲು ಮಾತ್ರ. ಅದನ್ನು ದಾಟಿ ಹತ್ತು, ಇಪ್ಪತ್ತು ವರ್ಷ ಬದುಕಿದವರೂ ಆ 60ರಲ್ಲಿ ಸೇರಿರುತ್ತಾರೆ.

ನಮ್ಮ ದೇಶದ್ದೇ ಒಂದು ಉದಾಹರಣೆ ತೆಗೆದುಕೊಳ್ಳೋಣ. ಬಾಯಿಯ ಕ್ಯಾನ್ಸರ್ ಆರಂಭದ ಹಂತದಲ್ಲಿದ್ದು ಕುತ್ತಿಗೆಯಲ್ಲಿ ಗಂಟು ಕಾಣದಿದ್ದರೆ, ಆಗಲೇ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯಬೇಕೇ, ಅಥವಾ ಗಂಟು ಕಂಡ ಮೇಲೆ ತೆಗೆದರೆ ಸಾಕೇ? ಈ ಬಗ್ಗೆ ವೈದ್ಯರಲ್ಲಿ ಬಹುಕಾಲ ಒಮ್ಮತವಿರಲಿಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಡಾ. ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 2004ರಿಂದ 2014ರವರೆಗೆ ಈ ಪ್ರಶ್ನೆಯ ಅಧ್ಯಯನ ನಡೆಸಿ 2015ರಲ್ಲಿ ಉತ್ತರ ಕೊಟ್ಟರು. 500 ರೋಗಿಗಳ ಲೆಕ್ಕದಲ್ಲಿ, ಮೊದಲೇ ಗ್ರಂಥಿ ತೆಗೆಸಿಕೊಂಡವರಲ್ಲಿ ಮೂರು ವರ್ಷದ ಬಳಿಕ ಬದುಕಿದ್ದವರು ಶೇಕಡಾ 80. ಕಾದು ನೋಡಿದವರಲ್ಲಿ ಶೇಕಡಾ 67.5. ಅಂದರೆ ನೂರಕ್ಕೆ ಸುಮಾರು 12 ಜೀವಗಳ ವ್ಯತ್ಯಾಸ. ಈ ಫಲಿತಾಂಶ ಜಗತ್ತಿನ ಅನೇಕ ಕಡೆ ಶಸ್ತ್ರವೈದ್ಯರ ನಿರ್ಧಾರಕ್ಕೆ ಆಧಾರವಾಯಿತು.

ಆ ಹನ್ನೆರಡು ಮಂದಿ ಯಾರು? ಅವರ ಹೆಸರನ್ನು ಮೊದಲೇ ಹೇಳಬಲ್ಲವರು ಯಾರೂ ಇರಲಿಲ್ಲ. ನೂರು ಜನರ ಬಗ್ಗೆ ಲೆಕ್ಕ ಖಚಿತವಾಗಿ ಮಾತಾಡುತ್ತದೆ. ಒಬ್ಬರ ಬಗ್ಗೆ ಕೇಳಿದರೆ ತಡವರಿಸುತ್ತದೆ. ಆದರೂ ಅದು ವ್ಯರ್ಥವಲ್ಲ. ಯಾವ ಚಿಕಿತ್ಸೆ ಹೆಚ್ಚು ಜೀವ ಉಳಿಸುತ್ತದೆ ಎಂದು ತಿಳಿದದ್ದು ಈ ಲೆಕ್ಕದಿಂದಲೇ.

ಯಾರ ನೂರು ಎಂಬುದನ್ನೂ ಕೇಳಬೇಕು. ಕೊಲ್ಲಿ ದೇಶದಿಂದಲೋ ಅಮೆರಿಕದಿಂದಲೋ ಬಂಧುಗಳು ಫೋನಿನಲ್ಲಿ ಒಂದು ಅಂಕಿ ಕಳಿಸುತ್ತಾರೆ, ಮನೆಯಲ್ಲಿ ಗೊಂದಲವಾಗುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಗಂಟಲಿನ ಕ್ಯಾನ್ಸರುಗಳಲ್ಲಿ ಹಲವು ಎಚ್‌ಪಿವಿ ಎಂಬ ವೈರಸ್ಸಿನಿಂದ ಬರುತ್ತವೆ. 2010ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಮುಂದುವರಿದ ಗಂಟಲ ಕ್ಯಾನ್ಸರಿಗೆ ವಿಕಿರಣ ಮತ್ತು ಔಷಧ ಪಡೆದವರ ಪೈಕಿ ವೈರಸ್ ಇದ್ದವರಲ್ಲಿ ಶೇಕಡಾ 82.4, ಇಲ್ಲದವರಲ್ಲಿ ಶೇಕಡಾ 57.1 ಮಂದಿ ಮೂರು ವರ್ಷದ ಬಳಿಕ ಬದುಕಿದ್ದರು. ಜಾಗ ಅದೇ ಗಂಟಲು, ಕಾರಣ ಬೇರೆ; ಲೆಕ್ಕವೂ ಬೇರೆಯಾಯಿತು. ತಂಬಾಕು ಮತ್ತು ಅಡಿಕೆಯಿಂದ ಕೆನ್ನೆಗೆ ಬಂದ ರೋಗಕ್ಕೆ ಆ ಅಂಕಿಯನ್ನು ಹಚ್ಚಿದರೆ ಸಿಗುವುದು ಸುಳ್ಳು ಸಮಾಧಾನ.

ಅಮೆರಿಕದ ವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ಅವರಿಗೆ 1982ರಲ್ಲಿ ಹೊಟ್ಟೆಯ ಒಳಪೊರೆಯ ಅಪರೂಪದ ಕ್ಯಾನ್ಸರ್ ಪತ್ತೆಯಾಯಿತು. ಅಂಥ ರೋಗಿಗಳ ಆಯುಷ್ಯದ ಮಧ್ಯಾಂಕ ಎಂಟು ತಿಂಗಳು ಎಂದು ಅವರು ಪುಸ್ತಕಗಳಲ್ಲಿ ಓದಿದರು. ಮಧ್ಯಾಂಕವೆಂದರೆ ಅರ್ಧ ಜನ ಅದಕ್ಕಿಂತ ಮೊದಲು, ಇನ್ನರ್ಧ ಜನ ಅದರ ನಂತರ ಎಂದರ್ಥ. ನಂತರದ ಅರ್ಧದಲ್ಲಿ ಕೆಲವರು ಬಹಳ ಕಾಲ ಬದುಕುತ್ತಾರೆ ಎಂಬುದನ್ನು ಅವರು ಗಮನಿಸಿದರು. ಚಿಕಿತ್ಸೆ ಪಡೆದರು, ಬರೆದರು, ಪಾಠ ಮಾಡಿದರು. ಅವರು ತೀರಿಕೊಂಡದ್ದು 2002ರಲ್ಲಿ, ಬೇರೊಂದು ಕ್ಯಾನ್ಸರಿನಿಂದ. ಎಲ್ಲರಿಗೂ ಹೀಗಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಎಂಟು ತಿಂಗಳು ಎಂಬುದು ಅವರ ಮರಣದ ದಿನಾಂಕವಾಗಿರಲಿಲ್ಲ ಎಂಬುದಷ್ಟೇ ಇಲ್ಲಿನ ಪಾಠ.

ಸಂತ ತೋಮಸರ ವಿವೇಚನೆ

ಭವಿಷ್ಯ ದೇವರಿಗೆ ಮಾತ್ರ ಗೊತ್ತು. ಹಾಗಿರುವಾಗ ವೈದ್ಯರ ಮುನ್ಸೂಚನೆ ಕೇಳುವುದು ತಪ್ಪೇ? ಈ ಪ್ರಶ್ನೆಗೆ ಸಂತ ತೋಮಸ್ ಅಕ್ವಿನಾಸರು 13ನೆಯ ಶತಮಾನದಲ್ಲಿಯೇ ದಾರಿ ತೋರಿದ್ದಾರೆ. ದೇವದೂತರು ಮುಂದಾಗುವುದನ್ನು ಬಲ್ಲರೇ ಎಂದು ವಿಚಾರಿಸುವಾಗ ಅವರು ಒಂದು ಭೇದ ಮಾಡುತ್ತಾರೆ. ಮುಂದಾಗುವುದನ್ನು ಅದರ ಕಾರಣಗಳ ಮೂಲಕ ತಿಳಿಯುವುದು ಒಂದು ಬಗೆ. ಅದನ್ನು ಅದರಲ್ಲಿಯೇ, ಕಣ್ಣೆದುರು ಇದ್ದಂತೆ ಕಾಣುವುದು ಮತ್ತೊಂದು ಬಗೆ. ಎರಡನೆಯದು ದೇವರೊಬ್ಬರದು. ಮೊದಲನೆಯದರಲ್ಲಿಯೂ ಅಂತರಗಳಿವೆ. ನಾಳೆ ಸೂರ್ಯ ಹುಟ್ಟುತ್ತಾನೆ ಎಂಬುದನ್ನು ನಿಶ್ಚಯವಾಗಿ ಹೇಳಬಹುದು. ಹೆಚ್ಚಿನ ಸಲ ಹೀಗಾಗುತ್ತದೆ ಎನ್ನುವಂಥದ್ದನ್ನು ಊಹೆಯಿಂದ ಹೇಳಬಹುದು. ಅಪರೂಪಕ್ಕೆ ಆಕಸ್ಮಿಕವಾಗಿ ಆಗುವುದನ್ನು ಹೇಳಲಾಗದು. ಊಹೆಯ ಜ್ಞಾನಕ್ಕೆ ಸಂತರು ಕೊಟ್ಟ ಉದಾಹರಣೆ, ರೋಗಿಯ ಮುಂದಿನ ಸ್ಥಿತಿಯನ್ನು ಅರಿಯುವ ವೈದ್ಯ!

ಇದರಲ್ಲಿ ಎಷ್ಟು ಸಮತೋಲನವಿದೆ ನೋಡಿ. ವೈದ್ಯರ ಲೆಕ್ಕ ನಿಜವಾದ ಜ್ಞಾನ; ಅದನ್ನು ತಿರಸ್ಕರಿಸುವುದು ಭಕ್ತಿಯಲ್ಲ. ಆದರೆ ಅದು ಊಹೆಯ ಜ್ಞಾನ. ಅದನ್ನು ಪ್ರವಾದನೆಯೆಂದು ಭಾವಿಸುವುದು ವಿವೇಕವಲ್ಲ. ಬಂದರಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಉಪಗ್ರಹದಿಂದ ಸಮುದ್ರದ ಉಷ್ಣತೆ ಮತ್ತು ಬಣ್ಣವನ್ನು ನೋಡಿ ಮೀನು ಸಿಗಬಹುದಾದ ಜಾಗವನ್ನು ತಿಳಿಸುತ್ತದೆ. ಅನುಭವಿ ತಾಂಡೇಲ ಅದನ್ನು ಗೇಲಿ ಮಾಡುವುದಿಲ್ಲ, ಬಲೆ ತುಂಬಿತೆಂದು ಹಡಗದಲ್ಲೇ ಕುಣಿಯುವುದೂ ಇಲ್ಲ. ಡೀಸೆಲ್, ಮಂಜುಗಡ್ಡೆ ಎಷ್ಟು ಬೇಕೆಂದು ಅದರಿಂದ ಲೆಕ್ಕ ಹಾಕುತ್ತಾನೆ. ಗಾಳಿಯ ಎಚ್ಚರಿಕೆ ಬಂದರೆ ದಡ ಸೇರುತ್ತಾನೆ. ಮುನ್ಸೂಚನೆ ಇರುವುದು ಸಿದ್ಧತೆಗಾಗಿ.

ಪ್ರೀತಿಯೂ ಕಣ್ಣು ಮುಚ್ಚಿಸುತ್ತದೆ

ವೈದ್ಯರ ಊಹೆಯೂ ತಪ್ಪುವುದುಂಟು. ಅದು ತಪ್ಪುವ ದಿಕ್ಕು ಗಮನಾರ್ಹ. ಅಮೆರಿಕದ ಶಿಕಾಗೋದಲ್ಲಿ 343 ವೈದ್ಯರು, ಅಂತಿಮ ಹಂತದ ಆರೈಕೆಯಲ್ಲಿದ್ದ 468 ರೋಗಿಗಳ ಬಗ್ಗೆ ಹೇಳಿದ ಊಹೆಗಳನ್ನು ಸಂಶೋಧಕರು ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದರು. ಶೇಕಡಾ 20 ಊಹೆಗಳು ಮಾತ್ರ ಹೆಚ್ಚುಕಡಿಮೆ ಸರಿಯಿದ್ದವು. ಶೇಕಡಾ 63 ಊಹೆಗಳು ನಿಜಕ್ಕಿಂತ ಹೆಚ್ಚು ಆಯುಷ್ಯ ಹೇಳಿದ್ದವು. ರೋಗಿಯ ಪರಿಚಯ ಹಳೆಯದಾದಷ್ಟೂ ವೈದ್ಯರ ಊಹೆ ಹೆಚ್ಚು ತಪ್ಪಿತ್ತು. ಪ್ರೀತಿಸುವವರಿಗೆ ಕೆಟ್ಟದ್ದನ್ನು ಎಣಿಸಲು ಮನಸ್ಸು ಬರುವುದಿಲ್ಲ. ಆದ್ದರಿಂದ "ಎಷ್ಟು ದಿನ?" ಎಂದು ಒಂದೇ ಅಂಕಿ ಕೇಳುವುದಕ್ಕಿಂತ, "ಒಳ್ಳೆಯದಾದರೆ ಹೇಗೆ, ಕೆಟ್ಟದಾದರೆ ಹೇಗೆ, ಹೆಚ್ಚಿನವರಿಗೆ ಏನಾಗುತ್ತದೆ?" ಎಂದು ಮೂರು ವಿಧವಾಗಿ ಕೇಳುವುದು ಉತ್ತಮ.

ಲೆಕ್ಕವನ್ನು ಬದಲಿಸುವ ಕೆಲಸ

ಮುನ್ಸೂಚನೆಯ ಒಂದು ಪಾಲು ನಮ್ಮ ಕೈಯಲ್ಲಿಯೂ ಇದೆ. ಶಸ್ತ್ರಚಿಕಿತ್ಸೆಯ ನಂತರ ವಿಕಿರಣ ಚಿಕಿತ್ಸೆ, ಜನರ ಮಾತಿನಲ್ಲಿ ಕರೆಂಟ್ ಕೊಡುವುದು, ಬೇಕೆಂದು ವೈದ್ಯರು ಹೇಳಿದರೆ ಅದನ್ನು ಆರು ವಾರದೊಳಗೆ ಆರಂಭಿಸಬೇಕು. ವಾರಕ್ಕೆ ಐದು ದಿನದಂತೆ ಸುಮಾರು ಆರು ವಾರ ನಡೆಯುವ ಚಿಕಿತ್ಸೆ ಅದು. ಮನೆಯಿಂದ ದೂರ ಉಳಿಯಬೇಕಾದೀತು. ಇಲ್ಲಿಯೇ ಅನೇಕ ಕುಟುಂಬಗಳು ಎಡವುತ್ತವೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿಯಿತು, ಬೋಟು ಇಳಿಯುತ್ತದೆ, "ಒಂದು ಸೀಜನ್ ಮುಗಿಯಲಿ" ಎಂದು ಮುಂದೂಡುತ್ತಾರೆ. ಗಾಯ ಮಾಗಿದೆ, ನೋವಿಲ್ಲ, ಇನ್ನೇಕೆ ಎಂದೂ ಅನ್ನಿಸುತ್ತದೆ. ಆದರೆ ಈ ವಿಳಂಬ ಲೆಕ್ಕವನ್ನು ಕೆಡಿಸುತ್ತದೆ. ಹಣದ ಅಡಚಣೆ ಇದ್ದರೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಒದಗಿಸುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿರಿ. ನೆರೆಮನೆಯ ರೋಗಿ ಚಿಕಿತ್ಸೆಗೆ ಹೋದಾಗ ಅವನ ಮಕ್ಕಳಿಗೆ ಊಟ ಹಾಕುವುದು, ಜೊತೆಗೆ ಒಬ್ಬರು ಹೋಗುವುದು ಧರ್ಮಕೇಂದ್ರದ ಕುಟುಂಬಗಳು ಮಾಡಬಹುದಾದ ನಿಜವಾದ ಪರೋಪಕಾರ.

ತಂಬಾಕು, ಅಡಿಕೆ, ಮದ್ಯ ಪೂರ್ತಿ ಬಿಡಬೇಕು. ಒಂದು ಗಡ್ಡೆಯನ್ನು ತೆಗೆದರೂ ಅದೇ ವಿಷ ತಗಲಿದ ಬಾಯಿಯಲ್ಲಿ ಇನ್ನೊಂದು ಹುಟ್ಟಬಹುದು. ರೋಗ ಮರುಕಳಿಸುವುದು ಬಹುಪಾಲು ಮೊದಲ ಎರಡು ವರ್ಷಗಳಲ್ಲಿ. ಆದ್ದರಿಂದ ಮೊದಲ ವರ್ಷ ಒಂದರಿಂದ ಮೂರು ತಿಂಗಳಿಗೊಮ್ಮೆ ತಪಾಸಣೆ ಇಟ್ಟಿರುತ್ತಾರೆ, ತಪ್ಪಿಸಬಾರದು. ಎರಡು ವರ್ಷ ರೋಗವಿಲ್ಲದೆ ಕಳೆದವರ ಲೆಕ್ಕ ಮೊದಲ ದಿನ ಹೇಳಿದ್ದಕ್ಕಿಂತ ಉತ್ತಮವಾಗಿರುತ್ತದೆ. ಹಳೆಯ ಅಂಕಿಯನ್ನೇ ಎದೆಗೆ ಕಟ್ಟಿಕೊಂಡು ಕೊರಗುವ ಬದಲು, ಅದನ್ನು ಪುನಃ ಕೇಳಿ ತಿಳಿಯಬೇಕು.

ಸತ್ಯ ಯಾರಿಗೆ ಸೇರಿದ್ದು?

ನಮ್ಮ ಮನೆಗಳಲ್ಲಿ ವರದಿ ಮಗನ ಕೈಗೆ ಬರುತ್ತದೆ, ಅಳಿಯನಿಗೆ ಗೊತ್ತಿರುತ್ತದೆ, ಓಣಿಗೆಲ್ಲ ಗೊತ್ತಿರುತ್ತದೆ. ರೋಗಿಗೆ ಮಾತ್ರ ಗೊತ್ತಿರುವುದಿಲ್ಲ. "ಅಪ್ಪನಿಗೆ ಹೇಳಬೇಡಿ, ತಡೆದುಕೊಳ್ಳಲಾರರು" ಎಂಬುದು ಪ್ರೀತಿಯ ಮಾತೇ ಹೌದು. ಆದರೆ ರೋಗಿ ದಡ್ಡನಲ್ಲ. ಪಿಸುಮಾತಿನಿಂದ ಅವನಿಗೆ ಎಲ್ಲವೂ ತಿಳಿಯುತ್ತದೆ. ಮಾತಾಡಲು ಮಾತ್ರ ಯಾರೂ ಉಳಿಯುವುದಿಲ್ಲ. ಮನಶ್ಶಾಸ್ತ್ರಜ್ಞ ಸಿಗ್ಮಂಡ್ ಫ್ರಾಯ್ಡ್ ಅವರಿಗೆ 1923ರಲ್ಲಿ ಅಂಗುಳಿನ ಕ್ಯಾನ್ಸರ್ ಕಂಡಾಗ ಅವರ ವೈದ್ಯರು ಅದನ್ನು ಮುಚ್ಚಿಟ್ಟರು. ತಿಳಿದಾಗ ಫ್ರಾಯ್ಡ್ ಬಹಳ ನೊಂದುಕೊಂಡರು; ಮುಂದೆ ಬಂದ ವೈದ್ಯರಿಂದ ಸತ್ಯವನ್ನೇ ಹೇಳುವ ಮಾತು ಪಡೆದರು. ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳೊಂದಿಗೆ 1939ರವರೆಗೆ, ಹದಿನಾರು ವರ್ಷ ಬದುಕಿದರು. ಅವರು ದೇವರನ್ನು ನಂಬಿದವರಲ್ಲ. ಆದರೆ ಸತ್ಯವನ್ನು ಕೇಳುವ ಹಕ್ಕು ಪ್ರತಿ ಮನುಷ್ಯನದು.

ವಿಶ್ವಾಸಿಗೆ ಈ ಹಕ್ಕು ಇನ್ನೂ ದೊಡ್ಡದು. ಜಗಳವಾಡಿದ ತಮ್ಮನೊಡನೆ ರಾಜಿಯಾಗಲು, ಆಸ್ತಿಯ ಕಾಗದ ಸರಿಪಡಿಸಲು, ಪಾಪನಿವೇದನೆ ಮಾಡಲು ಅವನಿಗೆ ಸಮಯ ಬೇಕು. ಸತ್ಯವನ್ನು ಒಮ್ಮೆಲೇ ಸುರಿಯಬೇಕಾಗಿಲ್ಲ. ಎಷ್ಟು ತಿಳಿಯಬೇಕೆಂದು ಅವನನ್ನೇ ಕೇಳಿ, ಮನೆಯ ಭಾಷೆಯಲ್ಲಿ, ಕೈ ಹಿಡಿದುಕೊಂಡು ಹೇಳಬೇಕು. ಸುಳ್ಳನ್ನಂತೂ ಹೇಳಬಾರದು.

ರೋಗಿಗಳ ಅಭ್ಯಂಗ ಸಂಸ್ಕಾರವು ಕೊನೆಯುಸಿರಿನವರಿಗೆ ಮಾತ್ರ ಎಂಬ ಹಳೆಯ ಭಯವನ್ನು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ತಿದ್ದಿದೆ. ಗಂಭೀರ ಶಸ್ತ್ರಚಿಕಿತ್ಸೆಗೆ ಮೊದಲೇ ಅದನ್ನು ಪಡೆಯುವುದು ಯೋಗ್ಯ ಎಂದು ಧರ್ಮಸಭೆ ಬೋಧಿಸುತ್ತದೆ. ಗುರುಗಳು ಎಣ್ಣೆ ತಂದರೆಂದು ರೋಗಿಯನ್ನು ಹೆದರಿಸಬೇಡಿರಿ. ಅರಸ ಹಿಜ್ಕೀಯನ ಕಥೆ ನೆನಪಿದೆಯಲ್ಲವೇ? ಸಾಯುವೆಯೆಂದು ಪ್ರವಾದಿ ಹೇಳಿದ ಮೇಲೆ ಅವನು ಅತ್ತು ಪ್ರಾರ್ಥಿಸಿದ. ಹದಿನೈದು ವರ್ಷ ಆಯುಷ್ಯ ಸಿಕ್ಕಿತು. ಆಗಲೂ ಅವನ ಹುಣ್ಣಿಗೆ ಅಂಜೂರದ ಪಟ್ಟು ಹಾಕಿಸಿದರು. ಪ್ರಾರ್ಥನೆ ಔಷಧವನ್ನು ತಳ್ಳಲಿಲ್ಲ.

ಲೆಕ್ಕ ಚಿಕ್ಕದಾಗಿಯೇ ಬಂದರೆ? ಆಗಲೂ ಮಾಡಬೇಕಾದ್ದು ಇದೆ. ಹೊರೆಯೇ ಹೆಚ್ಚಾಗಿ ಫಲ ಕಡಿಮೆಯಿರುವ ಚಿಕಿತ್ಸೆಯನ್ನು ಬೇಡವೆನ್ನಲು ಧರ್ಮಸಭೆ ಅನುಮತಿಸುತ್ತದೆ, ಅದು ಆತ್ಮಹತ್ಯೆಯಲ್ಲ. ನೋವು ಕಡಿಮೆ ಮಾಡುವ ಔಷಧ, ಗಾಯದ ಶುಚಿ, ನುಂಗಲು ಬರುವ ಗಂಜಿ, ಪಕ್ಕದಲ್ಲಿ ಕೂರುವ ಒಬ್ಬರು, ಇವುಗಳನ್ನು ಮಾತ್ರ ಎಂದೂ ನಿಲ್ಲಿಸಬಾರದು. ಮುಖದ ಆಕಾರ ಬದಲಾಗಿದೆಯೆಂದು ರೋಗಿಯನ್ನು ಒಳಕೋಣೆಯಲ್ಲಿ ಅಡಗಿಸಿಡುವುದು ಅವನು ಬದುಕಿರುವಾಗಲೇ ಅವನನ್ನು ಹೂಳಿದಂತೆ.

ಮನೆಮಂದಿ ಕೂಡಿ ಚರ್ಚಿಸಲು

1. ಶಸ್ತ್ರಚಿಕಿತ್ಸೆಯ ನಂತರದ ಪ್ರಯೋಗಾಲಯ ವರದಿಯಲ್ಲಿ ಅಂಚು ಮತ್ತು ಗ್ರಂಥಿಗಳ ಬಗ್ಗೆ ಏನು ಬರೆದಿದೆ ಎಂದು ವೈದ್ಯರನ್ನು ಕೇಳಿದ್ದೇವೆಯೇ?

2. ವಿಕಿರಣ ಚಿಕಿತ್ಸೆ ಬೇಕೇ? ಬೇಕಿದ್ದರೆ ಆರು ವಾರದೊಳಗೆ ಆರಂಭಿಸಲು ಯಾರು ಜೊತೆಗೆ ಹೋಗುವರು, ಮನೆ ಯಾರು ನೋಡುವರು?

3. ನಮ್ಮ ಮನೆಯ ರೋಗಿಗೆ ತನ್ನ ಸ್ಥಿತಿ ಎಷ್ಟು ತಿಳಿಯಬೇಕೆಂಬ ಆಸೆಯಿದೆ? ಅವರನ್ನೇ ಕೇಳಿದ್ದೇವೆಯೇ?

4. ಕವಳದ ತಟ್ಟೆಯ ಬದಲು ಅತಿಥಿಗೆ ಬೇರೇನು ಕೊಡಬಹುದು?

ಫೆಬ್ರವರಿ 3ರಂದು ಸಂತ ಬ್ಲೇಸರ ಹಬ್ಬ. ಆ ದಿನ ಎರಡು ಮೇಣದ ಬತ್ತಿಗಳನ್ನು ಅಡ್ಡಲಾಗಿ ಹಿಡಿದು ನಮ್ಮ ಗಂಟಲನ್ನು ಆಶೀರ್ವದಿಸುತ್ತಾರೆ. ಮರುದಿನವೇ ವಿಶ್ವ ಕ್ಯಾನ್ಸರ್ ದಿನ. ಆಶೀರ್ವಾದ ಪಡೆದು ಮನೆಗೆ ಬಂದು, ಕನ್ನಡಿಯ ಮುಂದೆ ಬಾಯಿ ತೆರೆದು ನೋಡಿಕೊಳ್ಳಿರಿ. ಮೂರು ವಾರವಾದರೂ ಮಾಗದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಿಡದ ಗೊಗ್ಗರು ಧ್ವನಿ, ಕುತ್ತಿಗೆಯಲ್ಲಿ ಗಂಟು, ಇವುಗಳಲ್ಲಿ ಒಂದು ಕಂಡರೂ ವೈದ್ಯರಲ್ಲಿಗೆ ಹೋಗಿರಿ. ಬೇಗ ಹೋದವರ ಲೆಕ್ಕವೇ ಎಲ್ಲಕ್ಕಿಂತ ಒಳ್ಳೆಯ ಲೆಕ್ಕ.